ಬಾಲ್ಕನಿಯಲ್ಲಿ ಬಸಳೆ, ಬಾಣಲೆಯಲ್ಲಿ ಗುಜ್ಜೆ

ಜುಲೈ ತಿಂಗಳಲ್ಲಿ ಭಟ್ಕಳ, ಹೊನ್ನಾವರ, ಕುಮಟಾದ ಯಾವ ಪೇಟೆಗೆ ಚೀಲ ಹಿಡಿದು ಹೋದರೂ ಎರಡು ಕಡೆ ನಿರಾಸೆ ಕಾದಿರುತ್ತದೆ. ಮೀನು ಮಾರುಕಟ್ಟೆಯಲ್ಲಿ ಬುಟ್ಟಿಗಳು ಕಡಿಮೆ, ದರ ಮಾತ್ರ ಹೆಚ್ಚು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಮೀನುಗಾರಿಕೆಗೆ ಹೋಗುವಂತಿಲ್ಲ. ನಾಡದೋಣಿಯವರು ತಂದ ಅಷ್ಟಿಷ್ಟು ಮೀನಿಗೆ ಹತ್ತಾರು ಕೈ ಮುಂದೆ ಬರುತ್ತವೆ. ತರಕಾರಿಯನ್ನಾದರೂ ಕೊಳ್ಳೋಣವೆಂದರೆ ಟೊಮೆಟೊ, ಬೀನ್ಸ್, ಕ್ಯಾರೆಟ್ ಎಲ್ಲವೂ ಘಟ್ಟ ಇಳಿದು ಬರಬೇಕು. ಮಳೆಗಾಲದಲ್ಲಿ ಘಟ್ಟದ ದಾರಿ ಯಾವಾಗ ಮುಚ್ಚುತ್ತದೆ, ಯಾವಾಗ ತೆರೆಯುತ್ತದೆ ಎಂದು ಹೇಳುವವರಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹಲವು ಜೀವಗಳು ಹೋದವು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಿನಗಟ್ಟಲೆ ಸಂಚಾರ ನಿಂತಿತು. ಆ ದುಃಖದ ಮುಂದೆ ತರಕಾರಿಯ ಮಾತು ಸಣ್ಣದು, ನಿಜ. ಆದರೆ ನಮ್ಮ ಅಡುಗೆಮನೆ ಎಷ್ಟು ತೆಳುವಾದ ದಾರಕ್ಕೆ ಜೋತುಬಿದ್ದಿದೆ ಎಂಬುದನ್ನು ಆ ದಿನಗಳು ನಮಗೆ ತೋರಿಸಿಕೊಟ್ಟವು.

ಇತ್ತೀಚೆಗೆ ಭಾನುವಾರದ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಮಾತಾಡುವಾಗ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಮೊದಲನೆಯದು, "ಫಾದರ್, ನಮಗೆ ಹಿತ್ತಿಲಿಲ್ಲ, ಫ್ಲ್ಯಾಟಿನ ಬಾಲ್ಕನಿಯಲ್ಲಿ ಏನಾದರೂ ಬೆಳೆಯಬಹುದೇ?" ಎರಡನೆಯದು, "ಡಾಕ್ಟರು ಮಾಂಸ ಕಡಿಮೆ ಮಾಡಿ ಅಂದಿದ್ದಾರೆ, ಅದರ ಬದಲಿಗೆ ಮನೆಯಲ್ಲೇ ಏನು ಮಾಡಬಹುದು?" ಈ ಎರಡಕ್ಕೂ ನಮಗೆ ತಿಳಿದಷ್ಟು ಉತ್ತರವನ್ನು ಇಲ್ಲಿ ಒಟ್ಟಾಗಿ ಕೊಡುತ್ತಿದ್ದೇವೆ. ಮಾಂಸ, ಮೀನು ತಿನ್ನುವವರನ್ನು ಕೀಳಾಗಿ ಕಾಣುವ ಉದ್ದೇಶ ನಮಗಿಲ್ಲ. ಕಡಲಿನಿಂದಲೇ ಬದುಕುವ ಊರಿನಲ್ಲಿ ಅಂಥ ಮಾತು ಸಲ್ಲದು. ತಟ್ಟೆಯಲ್ಲಿ ಆಯ್ಕೆಗಳು ಇನ್ನೆರಡು ಹೆಚ್ಚಿರಲಿ ಎಂಬುದಷ್ಟೇ ನಮ್ಮ ಆಶಯ.

ಬದಲಿ ಅಡುಗೆ ನಮಗೆ ಹೊಸದೇನಲ್ಲ

ಮಾಂಸಕ್ಕೆ ಬದಲಿ ಎಂದ ಕೂಡಲೇ ಅಮೆರಿಕದ ಕಂಪೆನಿಗಳ ಹೆಸರು ಕೇಳಿಬರುತ್ತದೆ. ಬಟಾಣಿಯ ಪ್ರೋಟೀನಿನಿಂದ ಬರ್ಗರ್ ಮಾಡುವ ಬಿಯಾಂಡ್ ಮೀಟ್ 2009ರಲ್ಲಿ ಆರಂಭವಾಯಿತು. ಇಂಪಾಸಿಬಲ್ ಬರ್ಗರ್ 2016ರಲ್ಲಿ ಬಂತು. ನಮ್ಮ ದೇಶದ ಕೆಲವು ಕಂಪೆನಿಗಳೂ ಇಂಥದನ್ನು ಮಾಡುತ್ತಿವೆ. ಆದರೆ ಇವು ದುಬಾರಿ, ಫ್ರೀಜರಿನಲ್ಲಿ ಇಡಬೇಕಾದವು, ಹಲವದರಲ್ಲಿ ಉಪ್ಪಿನಂಶವೂ ಹೆಚ್ಚು. ನಮ್ಮ ಊರಿನ ಸಾಮಾನ್ಯ ಕುಟುಂಬಕ್ಕೆ ಇವು ಹೊಂದುವಂಥವಲ್ಲ.

ಹೊಂದುವುದು ನಮ್ಮ ಮನೆಯ ಹಿಂದೆಯೇ ಇದೆ. ದೀವಿಹಲಸನ್ನು ತೆಳ್ಳಗೆ ಹೆಚ್ಚಿ, ಖಾರ-ಉಪ್ಪು ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಕಾಯಿಸಿದ ಫೋಡಿಯನ್ನು ತಿಂದವರಿಗೆ ಗೊತ್ತು, ಮೀನು ಹುರಿಯುವ ಕ್ರಮವೇ ಅದು. ಸುವರ್ಣಗಡ್ಡೆಯ ಫೋಡಿಯೂ ಹಾಗೆಯೇ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನ್ಮದಿನದ ತೆನೆಹಬ್ಬಕ್ಕೆ ಮಂಗಳೂರು, ಉಡುಪಿ ಕಡೆಯ ಕಥೋಲಿಕ ಮನೆಗಳಲ್ಲಿ ಹೊಸ ಅಕ್ಕಿಯ ಜೊತೆ ಪೂರ್ತಿ ಸಸ್ಯಾಹಾರದ ಊಟ. ತರಕಾರಿಗಳ ಸಂಖ್ಯೆ ಬೆಸವಾಗಿರಬೇಕೆಂಬ ರೂಢಿಯೂ ಇದೆ. ಆದ್ದರಿಂದ ಬದಲಿ ಅಡುಗೆಯನ್ನು ನಾವು ಹೊಸದಾಗಿ ಕಲಿಯಬೇಕಿಲ್ಲ, ಮರೆತದ್ದನ್ನು ನೆನಪಿಸಿಕೊಂಡರೆ ಸಾಕು.

ಮೊದಲು ಬಾಲ್ಕನಿ: ಬಿಸಿಲು, ಭಾರ, ನೀರು

ಬೀಜ ತರುವ ಮೊದಲು ಮೂರು ಸಂಗತಿ ನೋಡಿಕೊಳ್ಳಬೇಕು. ಒಂದು, ಬಿಸಿಲು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬಿದ್ದರೆ ಬೆಂಡೆ, ಮೆಣಸು, ಬದನೆ, ಅಳಸಂದೆ ಬರುತ್ತವೆ. ಮೂರು ಗಂಟೆಯಷ್ಟೇ ಬಿದ್ದರೆ ಕಾಯಿಯ ಆಸೆ ಬಿಟ್ಟು ಹರಿವೆ, ಬಸಳೆ, ಪುದೀನ, ಕೊತ್ತಂಬರಿಯಂಥ ಸೊಪ್ಪಿಗೆ ತೃಪ್ತಿಪಡಬೇಕು.

ಎರಡು, ಭಾರ. ನೀರು ಕುಡಿದ ಮಣ್ಣು ತುಂಬಾ ತೂಕ. ಬರೀ ಮಣ್ಣು ತುಂಬಿದ ಹತ್ತು-ಹದಿನೈದು ಚಟ್ಟಿಗಳನ್ನು ಬಾಲ್ಕನಿಯ ಒಂದೇ ಮೂಲೆಯಲ್ಲಿ ಒಟ್ಟುವುದು ಒಳ್ಳೆಯದಲ್ಲ. ಮಣ್ಣು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಗೊಬ್ಬರ ಈ ಮೂರನ್ನು ಸಮಪಾಲು ಬೆರೆಸಿದರೆ ತೂಕ ಇಳಿಯುತ್ತದೆ, ಬೇರಿಗೆ ಗಾಳಿಯೂ ಸಿಗುತ್ತದೆ. ಆದರೆ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ. ಹಿನ್ನೀರಿನಲ್ಲಿ ನೆನೆಹಾಕಿದ ಸಿಪ್ಪೆಯದಾದರೆ ಇನ್ನೂ ಹೆಚ್ಚು. ಬಕೆಟ್ಟಿನಲ್ಲಿ ಸಿಹಿನೀರು ಹಾಕಿ ಎರಡು-ಮೂರು ಸಲ ತೊಳೆದು ಹಿಂಡಿಯೇ ಬಳಸಬೇಕು. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ ಗುಣದ್ದು. ಅದಕ್ಕೆ ಸ್ವಲ್ಪ ಚಿಪ್ಪಿನ ಸುಣ್ಣ ಬೆರೆಸಿ ಎರಡು ವಾರ ಬಿಟ್ಟು ಗೊಬ್ಬರ ಸೇರಿಸಿದರೆ ಗಿಡ ಚೇತರಿಸಿಕೊಳ್ಳುತ್ತದೆ.

ಮೂರು, ನೀರು ಹೋಗುವ ದಾರಿ. ಚಟ್ಟಿಯ ಕೆಳಗೆ ತಟ್ಟೆ ಇಡದೆ ನೀರು ಹಾಕಿ, ಕೆಳಮನೆಯವರು ಒಣಹಾಕಿದ ಬಿಳಿ ಬಟ್ಟೆಯ ಮೇಲೆ ಕೆಂಪು ನೀರು ಇಳಿಸಿ, ವರ್ಷಗಟ್ಟಲೆ ಮಾತು ಬಿಟ್ಟ ನೆರೆಹೊರೆಯವರನ್ನು ನಾವು ಕಂಡಿದ್ದೇವೆ. ನೂರು ರೂಪಾಯಿಯ ಹರಿವೆಗಾಗಿ ನೆರೆಮನೆಯ ಸ್ನೇಹ ಕಳೆದುಕೊಳ್ಳುವುದು ಯಾವ ಲೆಕ್ಕಕ್ಕೂ ಲಾಭವಲ್ಲ.

ಚಟ್ಟಿಗೆ ದುಡ್ಡು ಸುರಿಯಬೇಕಾಗಿಲ್ಲ. ಮೀನು ಮಾರುಕಟ್ಟೆಯಲ್ಲಿ ಎಸೆಯುವ ಥರ್ಮಾಕೋಲ್ ಪೆಟ್ಟಿಗೆ ಹಗುರ, ಆಳವೂ ಇದೆ. ಚೆನ್ನಾಗಿ ತೊಳೆದು, ತಳಕ್ಕೆ ನಾಲ್ಕೈದು ತೂತು ಹಾಕಿದರೆ ಸೊಪ್ಪಿಗೆ ಅದಕ್ಕಿಂತ ಉತ್ತಮ ಪಾತ್ರೆ ಬೇರೆ ಬೇಡ. ಮೀನು ತೊಳೆದ ನೀರು, ತಲೆ, ಕರುಳು ಕೂಡ ವ್ಯರ್ಥವಲ್ಲ. ಮೀನಿನ ತ್ಯಾಜ್ಯಕ್ಕೆ ಅಷ್ಟೇ ತೂಕದ ಬೆಲ್ಲ ಬೆರೆಸಿ ಡಬ್ಬಿಯಲ್ಲಿ ಮುಚ್ಚಿಟ್ಟರೆ ಮೂರು-ನಾಲ್ಕು ವಾರದಲ್ಲಿ ದ್ರಾವಣ ತಯಾರಾಗುತ್ತದೆ. ಸೋಸಿ, ಒಂದು ಲೀಟರ್ ನೀರಿಗೆ ಅರ್ಧ ಚಮಚದಷ್ಟು ಬೆರೆಸಿ ಗಿಡಕ್ಕೆ ಕೊಡಬಹುದು. ಡಬ್ಬಿಯ ಮುಚ್ಚಳ ಮಾತ್ರ ಬಿಗಿಯಾಗಿರಲಿ. ಬೆಕ್ಕಿಗೆ ಈ ವಿಷಯ ನಮಗಿಂತ ಮೊದಲು ತಿಳಿಯುತ್ತದೆ.

ಯಾವಾಗ ಏನು ಹಾಕಬೇಕು

ಬೆಂಗಳೂರಿನವರು ಬರೆದ ಪುಸ್ತಕ ನೋಡಿ ಜೂನ್ ತಿಂಗಳಲ್ಲಿ ಬೀಜ ಹಾಕಿದವರಿಗೆ ಕರಾವಳಿಯ ಮಳೆ ಪಾಠ ಕಲಿಸುತ್ತದೆ. ಹರಿವೆಯ ಸಣ್ಣ ಬೀಜ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ನಮ್ಮ ಹಿರಿಯರ ಲೆಕ್ಕ ಬೇರೆ ಇತ್ತು. ಬೆಂಡೆ, ಹೀರೆ, ಪಡವಲ, ಸೌತೆಗಳನ್ನು ಮಳೆ ಹಿಡಿಯುವ ಮುಂಚೆ ಮೇ ಕೊನೆಯಲ್ಲೇ ಊರಿ, ಮಳೆ ಜೋರಾಗುವಾಗ ಗಿಡ ಗಟ್ಟಿಯಾಗಿರುವಂತೆ ನೋಡಿಕೊಳ್ಳುತ್ತಿದ್ದರು. ಬಾಲ್ಕನಿಯವರೂ ಇದನ್ನೇ ಅನುಸರಿಸಿ, ಚಟ್ಟಿಗಳನ್ನು ಸೂರಿನ ಕೆಳಗೆ ಸರಿಸಿಕೊಳ್ಳಬಹುದು. ಹೊಸದಾಗಿ ಆರಂಭಿಸುವವರಿಗೆ ಮಾತ್ರ ಸೆಪ್ಟೆಂಬರ್ ಕೊನೆಯೇ ಒಳ್ಳೆಯ ಕಾಲ. ಮಳೆ ತಗ್ಗಿರುತ್ತದೆ, ಬಾವಿಯಲ್ಲಿ ಸಿಹಿನೀರು ತುಂಬಿರುತ್ತದೆ, ಮುಂದೆ ಫೆಬ್ರವರಿಯವರೆಗೆ ಹಿತವಾದ ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಕಡಲಿಗೆ ಹತ್ತಿರದ ಬಾವಿಗಳಲ್ಲಿ ಉಪ್ಪುನೀರು ಬರುವುದುಂಟು. ಅದನ್ನು ಗಿಡಕ್ಕೆ ಹಾಕಬಾರದು. ಕಡಲ ಗಾಳಿ ನೇರ ಬಡಿಯುವ ಮನೆಗಳಲ್ಲಿ ಎಲೆಯ ಮೇಲೆ ಉಪ್ಪು ಕೂರುತ್ತದೆ. ಎರಡು ದಿನಕ್ಕೊಮ್ಮೆ ಸಿಹಿನೀರು ಚಿಮುಕಿಸಿದರೆ ಎಲೆ ಸುಡುವುದು ತಪ್ಪುತ್ತದೆ.

ಮೊದಲ ವರ್ಷಕ್ಕೆ ನಮ್ಮ ಸಲಹೆ ಮೂರೇ ಬೆಳೆ: ಕೆಂಪು ಹರಿವೆ, ಬಸಳೆ, ಹಸಿಮೆಣಸು. ಹರಿವೆ 25-30 ದಿನದಲ್ಲಿ ಕೈಗೆ ಬರುತ್ತದೆ. ವಾರಕ್ಕೊಂದು ಪೆಟ್ಟಿಗೆಯಂತೆ ನಾಲ್ಕು ವಾರ ಬಿತ್ತಿದರೆ ವಾರಕ್ಕೊಮ್ಮೆ ಪಲ್ಯಕ್ಕೆ ಕೊರತೆಯಿಲ್ಲ. ಬಸಳೆಗೆ ಬೀಜವೂ ಬೇಡ, ಪೇಟೆಯಿಂದ ತಂದ ಕಟ್ಟಿನ ದಪ್ಪ ದಂಟೊಂದನ್ನು ಊರಿ ಕಂಬಿಗೆ ಹಗ್ಗ ಕಟ್ಟಿದರೆ ಚಪ್ಪರ ತಾನೇ ಏರುತ್ತದೆ. ಮೆಣಸಿನ ಎರಡು ಗಿಡ ಸಣ್ಣ ಕುಟುಂಬಕ್ಕೆ ಸಾಕು. ಬೆಂಡೆ ಬೇಕೆಂದರೆ ಎರಡು-ಮೂರು ಗಿಡ ಹಾಕಿ ಪ್ರಯೋಜನವಿಲ್ಲ. ಒಂದು ದಿನ ಎರಡು ಕಾಯಿ, ಮರುದಿನ ಮೂರು. ಹತ್ತು ಗಿಡವಾದರೂ ಇದ್ದರೆ ಒಂದು ಹೊತ್ತಿನ ಪದಾರ್ಥವಾದೀತು.

ಟೊಮೆಟೊ ವಿಷಯದಲ್ಲಿ ನಾವೇ ಸೋತಿದ್ದೇವೆ. ಗುರುಮನೆಯ ಟೆರೇಸಿನಲ್ಲಿ ಎಂಟು ಗಿಡ ಸೊಂಪಾಗಿ ಬೆಳೆದು, ಹೂಬಿಟ್ಟು, ಒಂದೇ ವಾರದಲ್ಲಿ ಹಸಿರು ಎಲೆಯ ಸಮೇತ ಜೋತುಬಿದ್ದವು. ನೀರು ಕಡಿಮೆಯಾಯಿತೆಂದು ಇನ್ನಷ್ಟು ಸುರಿದೆವು. ಅದು ಬಾಯಾರಿಕೆಯಲ್ಲ, ಮಣ್ಣಿನ ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ ಎಂದು ತಡವಾಗಿ ತಿಳಿಯಿತು. ಕರಾವಳಿಯ ಹುಳಿ ಮಣ್ಣಿನಲ್ಲಿ, ಬೆಚ್ಚನೆಯ ತೇವದಲ್ಲಿ ಟೊಮೆಟೊ, ಬದನೆಗೆ ಇದು ದೊಡ್ಡ ಶತ್ರು. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಅರ್ಕಾ ರಕ್ಷಕ್ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ಸೊರಗಿದ ಗಿಡವಿದ್ದ ಮಣ್ಣನ್ನು ಮತ್ತೆ ಟೊಮೆಟೊ, ಬದನೆ, ಮೆಣಸಿಗೆ ಬಳಸಬಾರದು.

ಇನ್ನೊಂದು ಗಿಡದ ಹೆಸರು ಹೇಳಲೇಬೇಕು. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಆ ಮೆಣಸನ್ನು ಈಗ ಚಟ್ಟಿಯಲ್ಲೂ ಬೆಳೆಯಬಹುದು. ಬಳ್ಳಿಯ ಕಾಯಿಬಿಡುವ ಅಡ್ಡ ಕೊಂಬೆಯಿಂದ ಮಾಡಿದ ಸಸಿ ಮರ ಏರುವುದಿಲ್ಲ, ಪೊದೆಯಾಗಿ ನಿಲ್ಲುತ್ತದೆ. ಪೊದೆ ಮೆಣಸು ಅಥವಾ ಬುಶ್ ಪೆಪ್ಪರ್ ಎಂದು ಕೇಳಿದರೆ ನರ್ಸರಿಯವರು ಕೊಡುತ್ತಾರೆ. ಅರೆನೆರಳಿನ ಬಾಲ್ಕನಿಗೆ ಇದು ಹೇಳಿ ಮಾಡಿಸಿದ ಗಿಡ.

ಇನ್ನು ಬಾಣಲೆ: ರುಚಿ ಬೇರೆ, ಪೋಷಣೆ ಬೇರೆ

ಮಾಂಸದ ಬದಲಿಗಳ ಬಗ್ಗೆ ಮಾತಾಡುವಾಗ ಎರಡು ವಿಷಯ ಬೆರೆತುಹೋಗುತ್ತವೆ. ಒಂದು, ಹಲ್ಲಿಗೆ ಮಾಂಸದಂತೆ ಸಿಗುವುದು. ಇನ್ನೊಂದು, ದೇಹಕ್ಕೆ ಮಾಂಸದಂತೆ ಪ್ರೋಟೀನ್ ಕೊಡುವುದು. ಎಲ್ಲ ಬದಲಿಗಳೂ ಎರಡನ್ನೂ ಮಾಡುವುದಿಲ್ಲ.

ಎಳೆ ಹಲಸು, ಅಂದರೆ ಗುಜ್ಜೆ, ಮೊದಲನೆಯ ಗುಂಪಿನದು. ಬೆಂದಾಗ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ, ಮಸಾಲೆ ಹೀರುತ್ತದೆ. ಆದರೆ 100 ಗ್ರಾಂ ಗುಜ್ಜೆಯಲ್ಲಿ ಪ್ರೋಟೀನ್ ಸುಮಾರು 2 ಗ್ರಾಂ ಮಾತ್ರ. ಅಷ್ಟೇ ತೂಕದ ಕೋಳಿಯಲ್ಲಿ ಅಥವಾ ಮೀನಿನಲ್ಲಿ ಸುಮಾರು 20 ಗ್ರಾಂ ಇರುತ್ತದೆ. ಆದ್ದರಿಂದ ಗುಜ್ಜೆ ಮಾಡಿದ ದಿನ ಪಕ್ಕದಲ್ಲಿ ತೊಗರಿ, ಹೆಸರು, ಕಡಲೆ ಅಥವಾ ಒಂದು ಮೊಟ್ಟೆ ಇರಬೇಕು. ಬಾಳೆಹೂವಿನ ಲೆಕ್ಕವೂ ಹಾಗೆಯೇ.

ಸೋಯಾ ಉಂಡೆ ಎರಡನೆಯ ಗುಂಪಿನದು. ಅಂಗಡಿಯಲ್ಲಿ ಮೀಲ್ ಮೇಕರ್ ಎಂದೇ ಕೇಳುತ್ತಾರೆ. ಸೋಯಾ ಅವರೆಯಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟನ್ನು ಬಿಸಿ ಮತ್ತು ಒತ್ತಡದಲ್ಲಿ ಯಂತ್ರದಿಂದ ಹೊರದೂಡಿದಾಗ ಅದು ಉಬ್ಬಿ ನಾರುನಾರಾಗುತ್ತದೆ. ಒಣ ಉಂಡೆಯ ಅರ್ಧದಷ್ಟು ತೂಕ ಪ್ರೋಟೀನೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. 30 ಗ್ರಾಂ ಒಣ ಸೋಯಾ ಅದರಲ್ಲಿ 15 ಗ್ರಾಂ ಕೊಡುತ್ತದೆ. ಬೆಲೆಯನ್ನು ಮಾಂಸದ ಜೊತೆ ಹೋಲಿಸಿ ನೀವೇ ಲೆಕ್ಕ ಹಾಕಿ.

ಸೋಯಾ ಚೆನ್ನಾಗಿಲ್ಲ ಎನ್ನುವ ಹೆಚ್ಚಿನವರು ಅದರ ನೀರು ಹಿಂಡಿರುವುದಿಲ್ಲ. ನಾವೂ ಮೊದಲ ಸಲ ಅದೇ ತಪ್ಪು ಮಾಡಿ, ಊಟಕ್ಕೆ ಬಂದ ಇಬ್ಬರು ಗುರುಗಳ ಮುಂದೆ ನೆನೆದ ಸ್ಪಂಜಿನಂಥದನ್ನು ಬಡಿಸಿದೆವು. ಅವರು ಸೌಜನ್ಯದಿಂದ ತಿಂದರು, ಮುಂದಿನ ವಾರ ಬರಲಿಲ್ಲ. ಸರಿಯಾದ ಕ್ರಮ ಹೀಗೆ: ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ತಣ್ಣೀರಿನಲ್ಲಿ ಎರಡು-ಮೂರು ಸಲ ತೊಳೆದು, ಪ್ರತಿಸಲವೂ ಅಂಗೈಯಲ್ಲಿ ಗಟ್ಟಿಯಾಗಿ ಹಿಂಡಬೇಕು. ಆಗ ಅದರ ಹಸಿ ವಾಸನೆ ಹೋಗುತ್ತದೆ, ಮಸಾಲೆಗೆ ಜಾಗ ಸಿಗುತ್ತದೆ.

ಮೂರನೆಯದು ಗೋಧಿಯ ಅಂಟು. ಮೈದಾ ಹಲ್ವಾ ಮಾಡುವವರು ಹಿಟ್ಟನ್ನು ಕಲಸಿ ನೀರಿನಲ್ಲಿ ತೊಳೆದು ಹಾಲಿನಂಥ ಗಂಜಿಯನ್ನು ಉಳಿಸಿಕೊಂಡು, ಕೈಯಲ್ಲುಳಿದ ರಬ್ಬರಿನಂಥ ಮುದ್ದೆಯನ್ನು ಎಸೆಯುತ್ತಾರೆ. ಆ ಎಸೆಯುವ ಮುದ್ದೆಯೇ ಗೋಧಿಯ ಪ್ರೋಟೀನು. ಅದನ್ನು ಉಪ್ಪುನೀರಿನಲ್ಲಿ ಬೇಯಿಸಿ, ತುಂಡು ಮಾಡಿ, ಮಸಾಲೆಯಲ್ಲಿ ಹುರಿದರೆ ಕೋಳಿಯ ತುಂಡಿನಂತೆ ಜಗಿಯಲು ಸಿಗುತ್ತದೆ. ಇದಕ್ಕೆ ಜಪಾನಿನಿಂದ ಬಂದ ಹೆಸರು ಸೈತಾನ್! ಹೆಸರು ಕೇಳಿ ಹೆದರಬೇಕಾಗಿಲ್ಲ, ಪವಿತ್ರ ಗ್ರಂಥದ ಸೈತಾನನಿಗೂ ಇದಕ್ಕೂ ಸಂಬಂಧವಿಲ್ಲ. ಗೋಧಿ ಒಗ್ಗದವರು ಮಾತ್ರ ದೂರವಿರಬೇಕು.

ನಾಲ್ಕನೆಯದು ಅಣಬೆ. ಚಿಪ್ಪಣಬೆ ಬೆಳೆಯಲು ಬೇಕಾದ ಬೆಚ್ಚನೆಯ ತೇವವನ್ನು ನಮ್ಮ ಮಳೆಗಾಲ ಪುಕ್ಕಟೆ ಕೊಡುತ್ತದೆ. ಭತ್ತದ ಹುಲ್ಲನ್ನು ಕತ್ತರಿಸಿ ರಾತ್ರಿ ನೆನೆಸಿ, ಬಿಸಿನೀರಿನಲ್ಲಿ ಒಂದು ತಾಸು ಇಟ್ಟು, ನೀರು ಬಸಿದು ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹುಲ್ಲು ಒಂದು ಪದರ, ಅಣಬೆ ಬೀಜ ಒಂದು ಪದರ ಹಾಕಿ, ಚೀಲಕ್ಕೆ ಸಣ್ಣ ತೂತು ಮಾಡಿ ಕತ್ತಲಲ್ಲಿ ಇಡಬೇಕು. ಎರಡು-ಮೂರು ವಾರದಲ್ಲಿ ಹುಲ್ಲು ಬೆಳ್ಳಗಾದ ಮೇಲೆ ಚೀಲ ಸೀಳಿ ಬೆಳಕು-ಗಾಳಿ ಕೊಟ್ಟು ನೀರು ಚಿಮುಕಿಸಿದರೆ ಮುಂದಿನ ವಾರವೇ ಕೊಯ್ಯಬಹುದು. ಬೀಜವನ್ನು ಸಂಶೋಧನಾ ಸಂಸ್ಥೆ ಅಥವಾ ನಂಬಿಕೆಯ ಉತ್ಪಾದಕರಿಂದಲೇ ತರಬೇಕು. ಮಳೆಗಾಲದಲ್ಲಿ ಕಾಡಿನಲ್ಲಿ ಏಳುವ, ಗುರುತಿಲ್ಲದ ಅಣಬೆಯನ್ನು ಯಾರೂ ತಿನ್ನಬಾರದು. ಬೇಯಿಸಿದರೂ ಕೆಲವು ಅಣಬೆಗಳ ವಿಷ ಹೋಗುವುದಿಲ್ಲ.

ಗುಜ್ಜೆ ಬಫಾತ್

ಮಾಂಸದ ರುಚಿ ಎಂದು ನಾವು ಹೇಳುವುದರಲ್ಲಿ ಅರ್ಧದಷ್ಟು ಮಸಾಲೆಯ ರುಚಿ. ಅದಕ್ಕೇ ಬಫಾತ್ ಮಸಾಲೆಗೆ ಗುಜ್ಜೆ ಚೆನ್ನಾಗಿ ಹೊಂದುತ್ತದೆ. ಬೀಜ ಇನ್ನೂ ಗಟ್ಟಿಯಾಗದ ಕಾಯಿ ಆರಿಸಿ. ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು ಸಿಪ್ಪೆ ತೆಗೆದು, ದೊಡ್ಡ ತುಂಡು ಮಾಡಿ, ಉಪ್ಪು-ಅರಿಸಿನದ ನೀರಿನಲ್ಲಿ ಮುಕ್ಕಾಲು ಬೇಯಿಸಿ. ನೀರು ಬಸಿದು, ತುಂಡುಗಳನ್ನು ಒಣ ಬಾಣಲೆಯಲ್ಲಿ ಅಂಚು ಕಂದುವವರೆಗೆ ಹುರಿಯಿರಿ. ಈ ಹಂತ ಬಿಟ್ಟರೆ ಅದು ಪಲ್ಯವಾಗುತ್ತದೆ, ಬಫಾತ್ ಆಗುವುದಿಲ್ಲ. ಬಳಿಕ ಎಣ್ಣೆಯಲ್ಲಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸು ಬಾಡಿಸಿ, ಎರಡು ಚಮಚ ಬಫಾತ್ ಪುಡಿ, ಒಂದು ಚಮಚ ವಿನೆಗರ್, ಸ್ವಲ್ಪ ನೀರು ಸೇರಿಸಿ, ಗುಜ್ಜೆ ಹಾಕಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಡಿ. ಹಿಂಡಿದ ಸೋಯಾ ಉಂಡೆಯನ್ನು ಒಂದು ಹಿಡಿ ಜೊತೆಗೆ ಹಾಕಿದರೆ ಪ್ರೋಟೀನಿನ ಕೊರತೆಯೂ ತುಂಬುತ್ತದೆ. ಎಲ್ಲ ಮಾಂಸದ ಅಡುಗೆಯಂತೆ ಇದೂ ಮರುದಿನ ಇನ್ನಷ್ಟು ರುಚಿ. ಈರುಳ್ಳಿಯ ಸುಗ್ಗಿಯಲ್ಲಾದರೆ ಹೆದ್ದಾರಿ ಬದಿಯಲ್ಲಿ ಗೊಂಚಲು ಗೊಂಚಲಾಗಿ ತೂಗುವ ಕುಮಟಾದ ಸಿಹಿ ಈರುಳ್ಳಿಯನ್ನೇ ಹಾಕಿ. ಘಟ್ಟದ ಮೇಲಿನದಕ್ಕೆ ಆ ರುಚಿಯಿಲ್ಲ.

ಗುಜ್ಜೆ ಸಿಗುವುದು ಮಳೆಗೆ ಮುಂಚಿನ ತಿಂಗಳುಗಳಲ್ಲಿ. ಮೀನು ಸಿಗದ ಜೂನ್-ಜುಲೈಗೆ ಬೇಕೆಂದರೆ ಬಲಿತ ಕಾಯಿಯ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವ ಹಳೆಯ ಕ್ರಮವಿದೆ. ಅಜ್ಜಿಯಂದಿರ ಉಪ್ಪುಸೊಳೆ ಭರಣಿಯ ಅರ್ಥ ನಮಗೆ ಈಗ ತಿಳಿಯುತ್ತಿದೆ.

ಎಚ್ಚರಿಕೆಯ ಎರಡು ಮಾತು

ಬಿ12 ಜೀವಸತ್ವ ಸಸ್ಯಾಹಾರದಲ್ಲಿ ಸಹಜವಾಗಿ ಸಿಗುವುದಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. ಮಾಂಸ ಕಡಿಮೆ ಮಾಡುವವರು ಇವುಗಳಲ್ಲಿ ಒಂದನ್ನಾದರೂ ಉಳಿಸಿಕೊಳ್ಳಬೇಕು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಸೋಯಾ ಮತ್ತು ಮಾತ್ರೆಯ ನಡುವೆ ಕೆಲವು ತಾಸು ಅಂತರವಿಡಬೇಕು. ಮೂತ್ರಪಿಂಡದ ತೊಂದರೆ ಇರುವವರು ಊಟ ಬದಲಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಹಣದ ಬಗ್ಗೆಯೂ ನಿಜ ಹೇಳಬೇಕು. ಮೊದಲ ವರ್ಷ ಚೀಲ, ಗೊಬ್ಬರ, ಬೀಜಕ್ಕೆ ಹಾಕಿದ ದುಡ್ಡು ತರಕಾರಿಯಲ್ಲಿ ಹಿಂದೆ ಬರುವುದಿಲ್ಲ. ಎರಡನೆಯ ವರ್ಷದಿಂದ ಮಣ್ಣೂ ನಿಮ್ಮದೇ, ಬೀಜವೂ ನಿಮ್ಮದೇ.

"ಶುಕ್ರವಾರ ನಡೆಯುತ್ತದೆಯೇ, ಫಾದರ್?"

ತಪಸ್ಸು ಕಾಲದ ಶುಕ್ರವಾರ ಸೋಯಾ ಬಫಾತ್ ತಿನ್ನಬಹುದೇ ಎಂದು ಒಬ್ಬರು ನಮ್ಮನ್ನು ಕೇಳಿದರು. ಧರ್ಮಸಭೆಯ ನಿಯಮಸಂಹಿತೆ ವರ್ಜಿಸಲು ಹೇಳುವುದು ಮಾಂಸವನ್ನು. ಹದಿನಾಲ್ಕು ವರ್ಷ ತುಂಬಿದವರಿಗೆ ಅದು ಅನ್ವಯಿಸುತ್ತದೆ. ಸೋಯಾ ಮಾಂಸವಲ್ಲ, ಆದ್ದರಿಂದ ನಿಯಮಕ್ಕೆ ಅಡ್ಡಿಯಿಲ್ಲ. ಆದರೆ ಮಾಂಸ ಬಿಟ್ಟೆನೆಂದು ದುಬಾರಿ ಪಾಪ್ಲೆಟ್ ಹುರಿದು ತಿಂದರೆ ಅಲ್ಲಿ ತ್ಯಾಗ ಎಲ್ಲಿದೆ ಎಂದು ನಾವೇ ಎಷ್ಟೋ ಸಲ ನಕ್ಕಿದ್ದೇವೆ. ಸೋಯಾಕ್ಕೂ ಅದೇ ಮಾತು. ಆ ದಿನ ಉಳಿದ ಹಣ ಯಾರ ತಟ್ಟೆಗೆ ಹೋಯಿತು ಎಂಬುದೇ ನಿಜವಾದ ಪ್ರಶ್ನೆ.

ಹೊನ್ನಾವರದ ಒಂದು ಫ್ಲ್ಯಾಟಿನಲ್ಲಿ ಒಬ್ಬರೇ ಇರುವ ಹಿರಿಯ ತಾಯಿಯೊಬ್ಬರನ್ನು ನಾವು ಬಲ್ಲೆವು. ಮಕ್ಕಳು ಗಲ್ಫಿನಲ್ಲಿ. ಹಿತ್ತಿಲಿದ್ದ ಹಳೆಯ ಮನೆ ಮಾರಿ ಬಂದ ಮೇಲೆ ಬೆಳಿಗ್ಗೆ ಏಳಲು ಕಾರಣವೇ ಇಲ್ಲ ಎನ್ನುತ್ತಿದ್ದರು. ಈಗ ಅವರ ಬಾಲ್ಕನಿಯಲ್ಲಿ ನಾಲ್ಕು ಮೀನಿನ ಪೆಟ್ಟಿಗೆ ಹರಿವೆ, ಕಂಬಿ ತುಂಬ ಬಸಳೆ. ತಮಗೆ ಬೇಕಾದ್ದು ಕೊಯ್ದು ಉಳಿದದ್ದನ್ನು ಪಕ್ಕದ ಮನೆಗೆ, ಕೆಳಗಿನ ಕಾವಲುಗಾರನಿಗೆ ಕೊಡುತ್ತಾರೆ. ಕಳೆದ ಮಳೆಗಾಲ ಅವರನ್ನು ಕಾಣಲು ಹೋದಾಗ ಹೊರಡುವ ಹೊತ್ತಿಗೆ ನಮ್ಮ ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಒಂದು ಕಟ್ಟು ಇತ್ತು. "ಫಾದರ್, ದಂಟು ಎಸೆಯಬೇಡಿ, ಊರಿ" ಎಂದರು. ಊರಿದ್ದೇವೆ. ಈಗ ಗುರುಮನೆಯ ಕಂಬಿಯನ್ನು ಹತ್ತಿದೆ. ಬೇಕಾದವರು ಭಾನುವಾರ ಬಂದು ಒಂದು ದಂಟು ಒಯ್ಯಬಹುದು.